ಪರದೆ ಇರುವ ಹೋಟೆಲು

ಬಾಗಿಲಲ್ಲಿ ತೂಗುಹಾಕಿದ್ದ ದರಪಟ್ಟಿಯನ್ನು ಓದಿದವನೇ ರಾಮಲಿಂಗ ಹತ್ತಿದ ಮೆಟ್ಟಿಲು ಇಳಿದುಬಿಟ್ಟ. "ಒಂದ ಮಸಾಲಿ ದ್ವಾಸಿಗೆ ಒಂದ ರೂಪಾಯಿ ಅಂತ! ಕೊಲ್ಲಾಪುರ ಏನ ಮುಂಬೈ ಆತೇನು?" ಅವನ ದನಿಗೆ ಒಳಗಿದ್ದ ರುಮಾಲಿನ ವೇಟರು, ಗಲ್ಲೆಯ ಮೇಲಿದ್ದ ಮಾಲೀಕ, ಬೀದಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದವನು, ಎಲ್ಲರೂ ತಿರುಗಿ ನೋಡಿದರು. ತಾನು ಎಷ್ಟು ಜೋರಾಗಿ ಮಾತಾಡುತ್ತೇನೆಂಬುದು ಅವನಿಗೇ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಇಚಲಕರಂಜಿಯ ಪವರ್‌ಲೂಮ್ ಶೆಡ್ಡಿನಲ್ಲಿ ನಿಂತವನ ಕಿವಿ ಅದು.

ಅವನ ಹೆಂಡತಿ ದುರ್ಗವ್ವ ಮುಂದೆ ನಡೆದಳು. ಕಿವಿ ಡಾಕ್ಟರರ ದವಾಖಾನೆಯಿಂದ ಅವರು ಹೊರಬಿದ್ದು ಒಂದು ತಾಸಾಗಿತ್ತು. ಡಾಕ್ಟರು ಹೇಳಬೇಕಾದದ್ದನ್ನು ಅವಳಿಗೆ ಹೇಳಿದ್ದರು: ಮಗ್ಗ ಬಿಟ್ಟರೆ ಈಗ ಇದ್ದಷ್ಟು ಕಿವಿ ಉಳಿಯುತ್ತದೆ, ಬಿಡದಿದ್ದರೆ ಎರಡು ವರ್ಷದಲ್ಲಿ ಪೂರ್ತಿ ಹೋಗುತ್ತದೆ. ಇಂಥ ಮಾತನ್ನು ಗಂಡನಿಗೆ ನಡುಬೀದಿಯಲ್ಲಿ ನಿಂತು ಒದರುವುದು ಹೇಗೆ? ಡಾಕ್ಟರು ಏನಂದರೆಂದು ಅವನು ಕೇಳಿದಾಗ, "ಮೊದಲ ಎಲ್ಲ್ಯರ ಕುಂತು ತಿನ್ನೂಣು. ಪರದೆ ಇರೂ ಹೋಟೆಲ್ ಬೇಕು, ಆಗಿನಂಥಾದ್ದು" ಅಂದಿದ್ದಳು.

ಆಗ ಎಂದರೆ ಐವತ್ತೆಂಟನೆಯ ಇಸವಿ, ಮದುವೆಯಾದ ಹೊಸತು. ಕೊಲ್ಲಾಪುರದ ದೇವಿ ಅಂಬಾಬಾಯಿಗೆ ಕಾಯಿ ಒಡೆಸಿಕೊಂಡು ಬಂದು ಸ್ಟೇಷನ್ ರಸ್ತೆಯ ಒಂದು ಹೋಟೆಲಿಗೆ ಹೋಗಿದ್ದರು. ಅಮೃತಶಿಲೆಯ ಮೇಜು, ಗೋಡೆಯುದ್ದಕ್ಕೂ ಕನ್ನಡಿ, ತಲೆಯ ಮೇಲೆ ತಿರುಗುವ ಪಂಕ, ಹಸಿರು ಪರದೆಯ ಹಿಂದೆ ಇಬ್ಬರೇ ಕೂರುವ ಫ್ಯಾಮಿಲಿ ರೂಮು. ಜಾಗ ರಾಜರದು, ದರ ಬಡವರದು. ಊರಮನೆಯಲ್ಲಿ ಹನ್ನೆರಡು ಮಂದಿ. ಗಂಡನ ಮುಖವನ್ನು ದುರ್ಗವ್ವ ಹಗಲು ಬೆಳಕಿನಲ್ಲಿ ನೆಟ್ಟಗೆ ನೋಡಿದ್ದೇ ಅಲ್ಲಿ. ಅವತ್ತು ಅವನು ಏನೇನೋ ಹೇಳಿದ್ದ. ದೋಸೆಯ ರುಚಿ ಮರೆತಿದ್ದಳು, ಆ ಮಾತು ಮರೆತಿರಲಿಲ್ಲ. ಇವತ್ತು ಮೊದಲು ಹುಡುಕಿದ್ದು ಅದೇ ಹೋಟೆಲನ್ನು. ಅಲ್ಲಿ ಈಗ ಟ್ರಾನ್ಸಿಸ್ಟರ್ ಮಾರುವ ಅಂಗಡಿ.

ರೂಪಾಯಿ ದೋಸೆಯ ಹೋಟೆಲು ಬಿಟ್ಟ ಮೇಲೆ ಸಿಕ್ಕ ಇನ್ನೊಂದರಲ್ಲಿ ದರ ಸರಿಯಿತ್ತು. ಆದರೆ ಬೆಂಚುಗಳ ತುಂಬ ತಾಲೀಮಿನಿಂದ ಎದ್ದು ಬಂದ ಪೈಲವಾನರು ಹಾಲಿನ ಗ್ಲಾಸು ಹಿಡಿದು ಕೂತಿದ್ದರು. ಹೆಂಗಸು ಕಾಲಿಡುವಂತಿರಲಿಲ್ಲ. ಕೊನೆಗೆ ನಾಮದೇವ ಎಂಬ ಟಾಂಗಾದವನು ಇವರ ಅಲೆದಾಟ ನೋಡಿ, ಮರಾಠಿಯಲ್ಲಿ ಏನು ಬೇಕೆಂದು ವಿಚಾರಿಸಿ, ಚಾಬೂಕಿನಿಂದ ಎದುರಿನ ಓಣಿ ತೋರಿಸಿದ. ಓಣಿಯ ತುದಿಯಲ್ಲಿ ಉಡುಪಿ ಕಡೆಯವರ ಹೋಟೆಲು. ಕನ್ನಡಿಯಿತ್ತು, ಪಂಕವಿತ್ತು, ಮಾಸಿದ ನೀಲಿ ಪರದೆಯೂ ಇತ್ತು. ರಾಮಲಿಂಗ ದರಪಟ್ಟಿಯನ್ನು ಎರಡು ಸಲ ಓದಿ, ಗೆದ್ದವನಂತೆ ಹೆಂಡತಿಯ ಕಡೆ ನೋಡಿದ.

ದೋಸೆ ಬಂತು. ವೇಟರು ಪರದೆ ಎಳೆದು ಹೋದ. ದುರ್ಗವ್ವ ಮೆತ್ತಗೆ ಮಾತು ತೆಗೆದಳು. ಅವನು ತಟ್ಟೆಯ ಮೇಲೆ ಬಗ್ಗಿದ್ದ, ಕೇಳಿಸಲಿಲ್ಲ. ಮನೆಯಲ್ಲಿ ಮಾಡುವ ಹಾಗೆಯೇ ಮಾಡಿದಳು, ಗಂಟಲು ಎತ್ತರಿಸಿದಳು. "ಮಗ್ಗ ಬಿಡಬೇಕಂತ್ರೀ! ಇಲ್ಲಂದ್ರ ಎರಡ ವರ್ಷದಾಗ ಕಿವಿ ಪೂರಾ ಹೋಗತೈತಂತ!"

ಹೊರಗೆ ಕಪ್ಪುಬಸಿಗಳ ಸದ್ದು ನಿಂತಿತು. ಕನ್ನಡ ಬರುವವರಿಗೂ ಬಾರದವರಿಗೂ ಒಳಗೆ ಏನೋ ನಡೆದಿದೆ ಎಂಬುದಂತೂ ತಿಳಿಯಿತು. ದುರ್ಗವ್ವನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಇಷ್ಟು ಅಲೆದು ಪರದೆ ಹುಡುಕಿದ್ದು ಇದಕ್ಕೇನು?

ರಾಮಲಿಂಗ ತುತ್ತು ಕೆಳಗಿಟ್ಟು ಅವಳ ಬಾಯನ್ನೇ ನೋಡಿದ. "ಒದರಬ್ಯಾಡ. ಒದರಿದ್ರ ಬಾಯಿ ಸೊಟ್ಟ ಆಗತೈತಿ, ನನಗ ತಿಳಿಯೂದಿಲ್ಲ. ಸಾವಕಾಶ ಹೇಳು, ದನಿ ಇರದಿದ್ರೂ ನಡೀತೈತಿ."

"ದನಿ ಇಲ್ಲದ ಹೆಂಗ ಕೇಳಸ್ತೈತ್ರೀ?"

"ಶೆಡ್ಡಿನ್ಯಾಗ ಇಪ್ಪತ್ತನಾಕ ಮಗ್ಗ ಹೊಡಕೋತಿರತಾವ. ಅಲ್ಲೆ ಯಾರ ದನಿ ಯಾರಿಗೆ ಕೇಳಸ್ತೈತಿ? ನಾವೆಲ್ಲಾ ತುಟಿ ನೋಡೇ ಮಾತಾಡೂದು."

"ಮತ್ತ ಮನ್ಯಾಗ ಯಾಕ ನಾಕ ನಾಕ ಸಲ ಹೇಳಿಸ್ಕೋತೀರಿ?"

"ಮನ್ಯಾಗ ನೀ ಒಲಿ ಕಡೆ ಮಾರಿ ಮಾಡಿ ಮಾತಾಡ್ತಿ," ಅಂದ ರಾಮಲಿಂಗ. "ಹತ್ತ ವರ್ಷಾತು, ನಿನ್ನ ಬೆನ್ನ ನೋಡಿ ಹೂಂ ಅನ್ನಾಕತ್ತೇನಿ."

ದುರ್ಗವ್ವ ತನ್ನ ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡು, ಅವನ ಮುಖಕ್ಕೆ ಮುಖ ಕೊಟ್ಟು, ಡಾಕ್ಟರು ಹೇಳಿದ್ದನ್ನೆಲ್ಲ ತುಟಿಯಲ್ಲೇ ಹೇಳಿದಳು. ಒಂದು ಮಾತೂ ತಪ್ಪದೆ ಅವನಿಗೆ ತಿಳಿಯಿತು. ಮಗ್ಗದ ಮಾಲೀಕರ ಗೋದಾಮಿನಲ್ಲಿ ಬಟ್ಟೆ ಮಡಿಸುವ ಕೆಲಸ ಖಾಲಿ ಇದೆ, ಪಗಾರ ಕಡಿಮೆ ಎಂದು ಅವನು ಜೋರಾಗಿ ಹೇಳಹೊರಟಾಗ ಅವಳು ಬೆರಳೆತ್ತಿ ತಡೆದಳು. ಅವನೂ ತುಟಿಯಲ್ಲೇ ಹೇಳಿದ. ಅವಳಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ, ಮತ್ತೆ ಹೇಳಿಸಿಕೊಂಡಳು. ತಾನೂ ನಾಳೆಯಿಂದ ಮಗ್ಗದ ಲಾಳಿಯ ಕಂಡಿಕೆಗೆ ನೂಲು ಸುತ್ತಲು ಹೋಗುತ್ತೇನೆ, ಗೋದಾಮಿನ ಕೆಲಸವನ್ನೇ ಹಿಡಿಯಿರಿ ಅಂದಳು. ಅವನು ತಲೆಯಾಡಿಸಿದ. ಆಮೇಲೆ ಇನ್ನೇನೋ ಹೇಳಿದ. ಅದು ಕೆಲಸದ ಮಾತಾಗಿರಲಿಲ್ಲ.

ಹೊರಗೆ ಇಡೀ ಹೋಟೆಲು ಕಿವಿಗೊಟ್ಟು ಕೂತಿತ್ತು. ಪರದೆಯ ಹಿಂದಿನಿಂದ ಒಂದು ಮಾತೂ ಕೇಳಿಬರಲಿಲ್ಲ. ಆಗಾಗ ಹೆಂಗಸೊಬ್ಬಳು ನಗುವುದು ಮಾತ್ರ ಕೇಳಿಸುತ್ತಿತ್ತು.