ಝುಮಾಳ ಮಂಚ

ದಾಸವಾಳದ ತಲೆಯೆಣ್ಣೆಯ ವಾಸನೆ ಬಂದರೆ ಈಗಲೂ ನನ್ನ ನೆತ್ತಿ ಜುಮ್ಮೆನ್ನುತ್ತದೆ.

ಆಗ ಅಪ್ಪ ಬಂಗಾಳದಲ್ಲಿ, ಸಾಲ್ಟ್ ಲೇಕ್‌ನ ಕಂಪ್ಯೂಟರ್ ಆಫೀಸೊಂದರ ಕ್ಯಾಂಟೀನಿನಲ್ಲಿ ದೋಸೆ ಹೊಯ್ಯುತ್ತಿದ್ದ. ನನಗೆ ಟೈಫಾಯ್ಡ್ ಬಂದಾಗ ಟ್ರಸ್ಟಿನ ಆಸ್ಪತ್ರೆಯಲ್ಲಿ, ದುಡ್ಡು ಕೊಡಲಾಗದವರಿಗೆಂದು ಇಟ್ಟಿದ್ದ ಧರ್ಮಾರ್ಥ ಮಂಚವೊಂದು ಸಿಕ್ಕಿತು. ತಲೆಯ ಮೇಲಿನ ಗೋಡೆಯಲ್ಲಿ ಅಮೃತಶಿಲೆಯ ಫಲಕವಿತ್ತು. ತೀರಿಹೋದ ಝುಮಾ ಎಂಬ ಹುಡುಗಿಯ ನೆನಪಿಗೆ ಅವಳ ತಾಯಿ ಕೊಟ್ಟ ಮಂಚವಂತೆ ಅದು. ಅಲ್ಲಿನ ಆಯಾಗಳಿಗೆ ಅದರಲ್ಲಿ ಮಲಗಿದವರೆಲ್ಲ ಝುಮಾ. “ಝುಮಾ ಹಾಲು ಕುಡಿದಳಾ?” ಎಂದು ನನ್ನೆದುರೇ ಬಂಗಾಳಿಯಲ್ಲಿ ಕೇಳಿಕೊಳ್ಳುತ್ತಿದ್ದರು.

ಮಧ್ಯಾಹ್ನ ಆ ತಾಯಿಯೇ ಬಂದರು. ಬಿಳಿ ಸೀರೆ, ಕೈಯಲ್ಲಿ ಎಣ್ಣೆಯ ಬಾಟಲಿ, ಮರದ ಬಾಚಣಿಗೆ. ಬಾಚಣಿಗೆಯ ಹಲ್ಲುಗಳಲ್ಲಿ ಯಾರದೋ ಉದ್ದನೆಯ ಕೂದಲು ಸಿಕ್ಕಿಕೊಂಡಿತ್ತು. ನನ್ನ ತಲೆ ಬಾಚುತ್ತ, “ಝುಮಾ, ಶೋನಾ,” ನಮ್ಮಲ್ಲಿ ಚಿನ್ನಾ ಅನ್ನುವ ಹಾಗೆ, ಎಂದು ಮೆಲ್ಲಗೆ ಕರೆದರು.

ನಾನು ಅಮ್ಮನ ಮುಖ ನೋಡಿದೆ.

“ಓ ಅನ್ನು ಮಗಾ,” ಅಮ್ಮ ಕನ್ನಡದಲ್ಲಿ ಪಿಸುಗುಟ್ಟಿದಳು. “ಔಷಧಿ, ಹಾಲು ಎಲ್ಲ ಅವರದ್ದೇ ಅಲ್ವಾ.”

“ಮಾ,” ಎಂದು ಓಗೊಟ್ಟೆ. ಅಮ್ಮ ಕಿಟಕಿಯ ಕಡೆ ತಿರುಗಿಕೊಂಡಳು.

ಆಮೇಲೆ ಅವರು ದಿನಾ ಬಂದರು, ದಿನಾ ಕರೆದರು. ಅವರು ಕರೆಯುವುದಕ್ಕೆ ಮೊದಲೇ ನಾನು ಓಗೊಡತೊಡಗಿದೆ.

ಜ್ವರ ಬಿಟ್ಟು ಮನೆಗೆ ಹೊರಟ ಮಧ್ಯಾಹ್ನ, ಆ ಮಂಚದಲ್ಲಿ ಆಗಲೇ ಇನ್ನೊಬ್ಬ ಹುಡುಗಿ ಮಲಗಿದ್ದಳು. ಆ ತಾಯಿ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದರು. ನನ್ನನ್ನು ಕಂಡರೂ ಗುರುತು ಹಿಡಿಯಲಿಲ್ಲ.

ಬಾಗಿಲ ಬಳಿ ಅಮ್ಮ ನನ್ನ ಹೆಸರು ಹಿಡಿದು ಕರೆದಳು. ನನಗೆ ಕೇಳಿಸಿತು, ಆದರೆ ಯಾರನ್ನೋ ಕರೆಯುತ್ತಿದ್ದಾಳೆ ಅನ್ನಿಸಿತು.

ಒಳಗಿನಿಂದ “ಝುಮಾ” ಎಂಬ ಕರೆ ಬಂತು. ಅಮ್ಮನ ಕೈ ಹಿಡಿದಿದ್ದ ನಾನು ಓಗೊಟ್ಟೆ.