ಬೀರು ಹೊತ್ತ ಬೆನ್ನು

"ಎರಡು ದಿನದಿಂದ ಈಚೆಗೆ ಭಾರ ಎತ್ತಿದ್ದು, ಮೈಮುರಿಯೋ ಕೆಲಸ ಮಾಡಿದ್ದು, ಏನಾದ್ರೂ ಇದೆಯಾ?" ನರ್ಸ್ ಕಾಗದದಿಂದ ತಲೆ ಎತ್ತದೆ ಕೇಳಿದಳು.

"ನಿನ್ನೆ ನಮ್ಮ ಮನೇಲಿ ಒಂದು ಬೀರು..." ಅಪ್ಪ ಬಾಯಿ ತೆರೆದ.

"ನೀನು ಸುಮ್ನಿರಪ್ಪಾ," ಎಂದ ಮಗ. "ಏನೂ ಇಲ್ಲ ಸಿಸ್ಟರ್. ಹಮಾಲಿ ಕೆಲಸ ಬಿಟ್ಟು ನಾಲ್ಕು ತಿಂಗಳಾಯ್ತು. ರಾತ್ರಿಯಿಂದ ನೀರು ಬಿಟ್ಟು ಬೇರೇನೂ ಮುಟ್ಟಿಲ್ಲ."

ನರ್ಸ್ 'ಇಲ್ಲ' ಎಂದು ಗೀಚಿ ಎದ್ದುಹೋದಳು. ಅಪ್ಪ ಮಗನ ಮುಖ ನೋಡಿದ. ಮಗ ಗೋಡೆ ನೋಡಿದ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಇವರು ವಾಪಸ್ ಕಳಿಸುತ್ತಾರೆ, ಇನ್ನೊಂದು ತಾರೀಖಿಗೆ ಮತ್ತೆ ಬಾಗಿಲು ಕಾಯಬೇಕು. ಸ್ಕ್ಯಾನಿಗೆ ಈ ತಾರೀಖು ಸಿಕ್ಕಿದ್ದೇ ಐದು ವಾರ ಅಲೆದ ಮೇಲೆ. ಅಪ್ಪನ ಶ್ವಾಸಕೋಶದಲ್ಲಿ ಗಡ್ಡೆ. ಅದೊಂದೇ ಇದ್ದರೆ ಬುಧವಾರ ಕತ್ತರಿಸಿ ತೆಗೀತೀನಿ, ಕತ್ತಿನ ಕಡೆಗೆ ಹರಡಿದ್ದರೆ ಚಾಕು ಮುಟ್ಟಲ್ಲ, ಅದನ್ನ ಈ ಸ್ಕ್ಯಾನೇ ಹೇಳಬೇಕು ಅಂದಿದ್ದರು ಸರ್ಜನ್.

ಮಹಡಿ ಹತ್ತಿದರೆ ಅಪ್ಪನಿಗೆ ಏದುಸಿರು ಅಂತ ನಿನ್ನೆ ಮೂರನೇ ಮಹಡಿಯ ಮನೆಯನ್ನು ಅದೇ ಕಟ್ಟಡದ ಕೆಳಮನೆಗೆ ಇಳಿಸಿದ್ದ ಮಗ. ಕಬ್ಬಿಣದ ಬೀರು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಮಗ, ಅವನ ಇಬ್ಬರು ಗೆಳೆಯರು, ಮೂವರೂ ಬೆವರಿ ನಿಂತರು. "ಸರೀರಿ ಆಚೆ, ಊಟ ದಂಡ ನಿಮಗೆ," ಅಂತ ಅಪ್ಪ ತಲೆಗೆ ಟವೆಲ್ ಸುತ್ತಿ ಬಗ್ಗಿದ. ಬೇಡ ಅನ್ನಬೇಕಿದ್ದ ಮಗ ಅನ್ನಲಿಲ್ಲ. ಕೆಮ್ಮಿನಲ್ಲಿ ರಕ್ತ ಕಂಡ ದಿನದಿಂದ ಮೂಲೆ ಹಿಡಿದಿದ್ದ ಅಪ್ಪ ಮತ್ತೆ ಆನೆಯ ಹಾಗೆ ಕಂಡಿದ್ದ. ಪ್ರತಿ ಮಹಡಿಗೂ ಒಮ್ಮೆ ನಿಂತು, ಉಸಿರು ಎಳೆದುಕೊಂಡು, ಇಳಿಸಿಯೇ ಬಿಟ್ಟ. ಮಗ ಸಿಳ್ಳೆ ಹೊಡೆದ. "ನಮ್ಮಪ್ಪ ಅಂದ್ರೆ ಏನು ಅಂತ ತಿಳ್ಕೊಂಡಿದ್ರೋ!" ಸ್ಕ್ಯಾನಿಗೆ ಮುಂಚೆ ಭಾರ ಎತ್ತಬಾರದು ಅಂತ ಆಸ್ಪತ್ರೆಯವರು ಕೊಟ್ಟ ನಿಯಮದ ಚೀಟಿ ನೆನಪಾದದ್ದು ಆಮೇಲೆ. ಹೊತ್ತದ್ದು ಬೆನ್ನು, ರೋಗ ಇರೋದು ಎದೆಯಲ್ಲಿ, ಅದಕ್ಕೂ ಇದಕ್ಕೂ ಏನು ನಂಟು ಅಂತ ತನಗೆ ತಾನೇ ಹೇಳಿಕೊಂಡಿದ್ದ.

ಕನ್ನಡಕದ ಟೆಕ್ನೀಷಿಯನ್ ಚುಚ್ಚುಮದ್ದು ಇಟ್ಟ ಸೀಸದ ಡಬ್ಬಿಯನ್ನು ಗಾಲಿಯ ಮೇಲೆ ತಳ್ಳಿಕೊಂಡು ಬಂದ.

"ಕಡ್ಡಿಯಷ್ಟು ಸೂಜಿಗೆ ಇಷ್ಟು ದೊಡ್ಡ ಮೆರವಣಿಗೆನಾ?" ಎಂದ ಅಪ್ಪ. "ತಳ್ಳೋಕೆ ಕಷ್ಟ ಆದ್ರೆ ಹೇಳು ಸ್ವಾಮಿ, ಒಂದು ಕೈ ಕೊಡ್ತೀನಿ."

"ಇನ್ನೊಂದು ಗಂಟೆ ಕೈಯೂ ಆಡಿಸೋ ಹಾಗಿಲ್ಲ, ಬಾಯೂ ಆಡಿಸೋ ಹಾಗಿಲ್ಲ ಯಜಮಾನ್ರೇ," ಟೆಕ್ನೀಷಿಯನ್ ನಕ್ಕ. "ಇದು ಸಕ್ಕರೆ ಥರದ್ದು, ವಿಕಿರಣ ಸೇರಿಸಿರೋದು. ಮೈಯಲ್ಲಿ ಎಲ್ಲಿ ಹಸಿವು ಜಾಸ್ತಿಯೋ ಅಲ್ಲಿ ಹೋಗಿ ಕೂರುತ್ತೆ. ಕೂತ ಜಾಗ ಚಿತ್ರದಲ್ಲಿ ಬೆಳಗುತ್ತೆ."

"ರೋಗಕ್ಕೆ ಅಷ್ಟು ಹಸಿವಾ?"

"ಅಷ್ಟು ಹಸಿವು. ದುಡಿದು ದಣಿದ ಮಾಂಸಖಂಡಕ್ಕೂ ಅಷ್ಟೇ."

ಬಾಗಿಲಲ್ಲಿ ನಿಂತಿದ್ದ ಮಗನಿಗೂ ಅದು ಕೇಳಿಸಿತು. ಸೂಜಿ ಇನ್ನೂ ಒಳಗೆ ಹೋಗಿರಲಿಲ್ಲ. ಹೇಳಬಹುದಿತ್ತು. ನಾಲಿಗೆ ತುದಿಗೆ ಬಂದದ್ದನ್ನು ಉಗುಳಿನ ಜೊತೆ ನುಂಗಿದ. ಟೆಕ್ನೀಷಿಯನ್ ಅವನನ್ನು ಆಚೆ ಕಳಿಸಿ ಬಾಗಿಲು ಎಳೆದುಕೊಂಡ.

ಮಧ್ಯಾಹ್ನ ಸ್ಕ್ಯಾನ್ ನೋಡುವ ಡಾಕ್ಟರಮ್ಮ ಇಬ್ಬರನ್ನೂ ಒಳಗೆ ಕರೆದರು. ಪರದೆಯ ಮೇಲೆ ಅಪ್ಪನ ಮೈ. ಹೆಗಲು, ಬೆನ್ನು, ತೊಡೆ, ಎಲ್ಲ ಊದಿದ ಕೆಂಡ.

"ನಿನ್ನೆ ಏನು ಮಾಡಿದ್ರಿ? ಕತ್ತಿನ ಬುಡ, ಹೆಗಲು, ನಾನು ಗಂಟು ಹುಡುಕಬೇಕಾದ ಜಾಗ ಇದೇ. ಇಷ್ಟು ಬೆಂಕಿಯಲ್ಲಿ ರೋಗದ ಕಿಡಿ ಯಾವುದು ಅಂತ ಎಲ್ಲಿ ಹುಡುಕಲಿ? ಮತ್ತೆ ಮಾಡ್ಬೇಕು. ಬೇಗ ಅಂದ್ರೂ ಮೂರು ವಾರ. ಬುಧವಾರದ ಆಪರೇಷನ್ ಆಗಲ್ಲ. ಈ ಕಾಯಿಲೆ ನಮ್ಮ ತಾರೀಖು ಕೇಳ್ಕೊಂಡು ಕೂತಿರಲ್ಲ, ಗೊತ್ತಾ?" ಅವರು ಕಾಗದ ತಿರುವಿದರು. "ಭಾರ ಎತ್ತಿಲ್ಲ ಅಂತ ಬರೆದಿದೆ. ಯಾರು ಹೇಳಿದ್ದು?"

ಮಗ ಪರದೆ ನೋಡಿದ.

"ನಾನೇ ಡಾಕ್ಟ್ರಮ್ಮಾ," ಎಂದ ಅಪ್ಪ. "ಮನೆ ಬದಲಾಯಿಸ್ತಿದ್ವಿ. ಇವನು ಹಗ್ಗ ತರೋಕೆ ಹೋಗಿದ್ದಾಗ ಕದ್ದು ಬೀರು ಎತ್ತಿಬಿಟ್ಟೆ. ಇಲ್ಲಿ ಸುಳ್ಳು ಹೇಳಿದ್ದೂ ನಾನೇ. ಇವನಿಗೆ ಏನೂ ಗೊತ್ತಿಲ್ಲ. ಗೊತ್ತಿದ್ರೆ ಬಿಡ್ತಿದ್ನಾ?"

ಡಾಕ್ಟರಮ್ಮ ಬೈದರು. ವಯಸ್ಸಾದ ಮೇಲೆ ಬುದ್ಧಿ ಬೇಡವಾ ಅಂದರು, ಜೀವದ ಮೇಲೆ ಆಸೆ ಇಲ್ಲವಾ ಅಂದರು. ಅಪ್ಪ ಪಾಠ ಒಪ್ಪಿಸದ ಹುಡುಗನ ಹಾಗೆ ತಲೆ ಬಗ್ಗಿಸಿ, ಕಾಲ ಹೆಬ್ಬೆರಳಿಂದ ನೆಲ ಕೆರೆಯುತ್ತ, "ತಪ್ಪಾಯ್ತು, ತಪ್ಪಾಯ್ತು" ಅನ್ನುತ್ತಲೇ ಇದ್ದ.

ಕೊನೆಗೆ ಅವರ ದನಿ ಇಳಿಯಿತು. ಮಗನ ಕಡೆ ತಿರುಗಿ, "ನಿಮ್ಮಂಥ ಮಗ ಪಕ್ಕದಲ್ಲೇ ಇದ್ದೂ ಇವರು ಹೀಗೆ ಮಾಡ್ಕೊಂಡ್ರಲ್ಲ, ನೋಡಿ," ಎಂದರು.

ಹೌದು ಎಂಬಂತೆ ಮಗ ತಲೆಯಾಡಿಸಿದ.