ತಾಯಿ ಕರೆಸಿದ ಬೇರೆ ಗುರು

ಸಹೃದಯ ವಾಚಕ ಮಹಾಶಯರೇ, ಪರಸ್ಥಳಗಳಲ್ಲಿ ಧ್ಯಾನಕೂಟ ನಡೆಸುತ್ತ ಸಾವಿರಾರು ಜನರ ಪಾಪನಿವೇದನೆಯನ್ನು ಆಲಿಸಿದ್ದ ಫಾದರ್ ವಲೇರಿಯನ್ನರು, ತಾಯಿ ಇನ್ನು ಹೆಚ್ಚು ದಿನ ಉಳಿಯಲಾರರೆಂಬ ಸುದ್ದಿ ತಲುಪಿದ ಮೇಲೆ, ನಾಲ್ಕು ವರ್ಷಗಳ ಬಳಿಕ ತಲೆ ತಗ್ಗಿಸಿಕೊಂಡೇ ಮನೆಯ ಹೊಸಿಲು ದಾಟಿದರು.

ತಾಯಿಯ ಹಾಸಿಗೆಯ ಬಳಿ ಕುಳಿತು, ಪಾಪನಿವೇದನೆ ಕೇಳುವಾಗ ಗುರುಗಳು ಧರಿಸುವ ನೇರಳೆ ಬಣ್ಣದ ಉದ್ದ ಪಟ್ಟಿ, ಸ್ಟೋಲನ್ನು ಕೊರಳಿಗೆ ಹಾಕಿಕೊಂಡರು.

"ಅಮ್ಮಾ, ಪವಿತ್ರ ತೈಲ ಹಚ್ಚುವ ಮೊದಲು ಪಾಪನಿವೇದನೆ ಮಾಡಿಬಿಡು."

"ನಿನ್ನ ಹತ್ತಿರ ಬೇಡ ಮಗಾ. ನಮ್ಮ ಇಗರ್ಜಿಯ ಫಾದರನ್ನು ಕರ್ಕೊಂಡು ಬಾ."

"ನಾನೂ ಫಾದರೇ ಅಲ್ವಾ?"

"ಹೌದು, ಊರಿಗೆಲ್ಲ," ಎಂದು ಅಣ್ಣನ ಹೆಂಡತಿ ಜುಡಿತ್ ಚುಚ್ಚಿದಳು.

ಪರಕೀಯರೆಲ್ಲ ನಂಬಿದ ತನ್ನನ್ನು ಹೆತ್ತವಳೇ ನಂಬಲಿಲ್ಲವಲ್ಲ ಎಂದು ಅವರ ಮುಖ ಸಣ್ಣದಾಯಿತು. ಸ್ಟೋಲನ್ನು ಮಡಚಿ ಚೀಲಕ್ಕೆ ತುರುಕಿಕೊಂಡು ಇಗರ್ಜಿಯತ್ತ ಹೊರಟರು. ಅಂಗಳಕ್ಕೆ ಇಳಿಯುವಷ್ಟರಲ್ಲಿ ಒಳಗಿನಿಂದ ಜುಡಿತಳ ಧ್ವನಿ ಕೇಳಿಸಿತು.

"ಎಂತ ಅತ್ತೆ, ಈ ಪ್ರಾಯದಲ್ಲಿ ಮಗನ ಹತ್ತಿರ ಹೇಳಲಿಕ್ಕೆ ಆಗದ ಪಾಪ ಎಂತದು ಮಾಡಿದ್ದೀರಿ?"

"ಅವನು ದಿನಾ ಫೋನ್ ಮಾಡ್ತಾನೆ ಅಂತ ನಾಲ್ಕು ವರ್ಷದಿಂದ ಕೇಳಿದವರಿಗೆಲ್ಲ ಸುಳ್ಳು ಹೇಳಿದ್ದೇನೆ ಮಾರಾಯ್ತಿ. ಅದನ್ನು ಅವನ ಹತ್ತಿರವೇ ಹೇಗೆ ಹೇಳುವುದು?"